ಗೊರಕೆ ಯಾರ ಮನೆಯದು

ಇಚಲಕರಂಜಿಯಲ್ಲಿ ಮಗ್ಗ ನಿಂತರೆ ಜನಕ್ಕೆ ಎಚ್ಚರವಾಗುತ್ತದೆ. ಕೆಳಗಡೆ ಪವರ್‌ಲೂಮುಗಳು ಹಗಲೂ ರಾತ್ರಿ ಬಡಿದುಕೊಳ್ಳುತ್ತಿದ್ದರೆ ಮೇಲಿನ ಅಂತಸ್ತಿನಲ್ಲಿ ಮನೆಯವರು ಹಾಯಾಗಿ ನಿದ್ದೆ ಹೊಡೆಯುತ್ತಾರೆ. ಕರೆಂಟು ಹೋಗಿ ಸದ್ದು ನಿಂತಿತೋ, ಎಲ್ಲರೂ ಎದ್ದು ಕೂತು ಏನಾಯಿತು ಏನಾಯಿತು ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಮುರದಂಡೆಯವರ ಮನೆಯೂ ಅಂಥದೇ. ಆ ವರ್ಷ ಆಷಾಢದಲ್ಲಿ ನೂಲಿನ ವ್ಯಾಪಾರಿಗಳಿಗೂ ಮಗ್ಗದ ಮಾಲೀಕರಿಗೂ ಜಗಳ ಹತ್ತಿ ಊರಿನ ಮಗ್ಗಗಳೆಲ್ಲ ಬಂದ್ ಆದವು. ಆಗ ಆ ಮನೆಯವರು ತಮ್ಮ ಮನೆಯೊಳಗೆ ಮಗ್ಗದ ಸದ್ದು ಬಿಟ್ಟರೆ ಇನ್ನೇನಿದೆ ಎಂಬುದನ್ನು ಮೊದಲ ಸಲ ಕೇಳಿಸಿಕೊಂಡರು. ಕೇಳಿಸಿದ್ದು ಸೊಸೆಯ ಗೊರಕೆ.

ಸೊಸೆ ಸಾಯಲಿ ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ, ಆಗಲೇ ಐದು ತಿಂಗಳ ಬಸುರಿ. ಬೆಳಿಗ್ಗೆ ಭಾಕ್ರಿ ಮತ್ತು ಝುಣಕ ಬಡಿಸುತ್ತಿದ್ದಾಗ ಮಾವ ಬಾಳಾಸೋ ಗಂಭೀರವಾಗಿ ಮಗನ ಕಡೆ ತಿರುಗಿದ.

"ರಾತ್ರಿ ನಮ್ಮ ಮಗ್ಗ ಯಾರೋ ಚಾಲೂ ಮಾಡಿದ್ರು ಕಾಣತೈತಿ, ಸುಹಾಸ. ಬಂದ್ ಮುರದಾವ್ರು ಯಾರಂತ ಸಂಘದಾವ್ರು ಕೇಳ್ಕೋತ ಬಂದ್ರ ಏನ್ ಹೇಳೂದು?"

ಸುಹಾಸ ನಕ್ಕ. ಅತ್ತೆ ಮಂದಾಕಿನಿ ನಗಲಿಲ್ಲ. ಸಾಯಲಿಗೆ ಅರ್ಥವಾಗದೆ, ಮಾವ ಏನೋ ತಮಾಷೆ ಮಾಡಿದರಲ್ಲ ಎಂದು ಅವಳೂ ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ಅಪ್ಪ ಮಗ ಇನ್ನಷ್ಟು ನಕ್ಕರು. ಆಮೇಲೆ ತಿಳಿಯಿತು. ಝುಣಕದ ಪಾತ್ರೆ ಹಿಡಿದುಕೊಂಡು ಅವಳು ಅಡುಗೆಮನೆಗೆ ಹೋದಳು, ಆ ಹೊತ್ತು ಮತ್ತೆ ಹೊರಗೆ ಬರಲಿಲ್ಲ.

ಮಂದಾಕಿನಿ ನಗದಿದ್ದುದಕ್ಕೆ ಕಾರಣವಿತ್ತು. ಮಗ್ಗದ ಮನೆಯಲ್ಲೇ ಹುಟ್ಟಿ ಮಗ್ಗದ ಮನೆಗೇ ಬಂದ ಹೆಂಗಸು ಆಕೆ. ಸದ್ದಿಗೆ ಹೆದರುವವಳಲ್ಲ, ಸದ್ದು ನಿಂತರೆ ಹೆದರುವವಳು. ಸೊಸೆಯ ಗೊರಕೆ ನಡುವೆ ತಟ್ಟನೆ ನಿಂತು, ಏನೂ ಇಲ್ಲದಂತಾಗಿ, ಆಮೇಲೆ ಬಾವಿಯಿಂದ ಮೇಲೆ ಬಂದವರಂತೆ ಒಮ್ಮೆಲೇ ಉಸಿರು ಎಳೆದುಕೊಳ್ಳುವುದನ್ನು ಆಕೆ ಗೋಡೆಯಾಚೆಯಿಂದ ಕೇಳಿದ್ದಳು. ಸುಹಾಸ ಚಾಪೆ ಎತ್ತಿಕೊಂಡು ಮಾಳಿಗೆಗೆ ಮಲಗಲು ಹೋದ. ಮಂದಾಕಿನಿ ಸೊಸೆಯನ್ನು ಡಾಕ್ಟರ್ ಬಾಯಿ ಜೋಗಳೇಕರ್ ಹತ್ತಿರ ಕರೆದುಕೊಂಡು ಹೋದಳು. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಆಕೆಯ ಬಗ್ಗೆ ಹೇಳಲು ಒಳ್ಳೆಯ ಮಾತು ಹೆಚ್ಚು ಸಿಗುವುದಿಲ್ಲ.

ಒಂದು ರಾತ್ರಿ ಎದೆಗೊಂದು ಡಬ್ಬಿ ಕಟ್ಟಿ, ಬೆರಳಿಗೊಂದು ಚಿಮಟಿಗೆ ಸಿಕ್ಕಿಸಿ ನಿದ್ದೆ ಪರೀಕ್ಷೆ ಮಾಡಿದರು. ಮುಂದಿನ ವಾರ ಡಾಕ್ಟರು ಫಲ ಹೇಳಿದರು. ಮಲಗಿದಾಗ ಗಂಟಲು ಮುಚ್ಚಿಕೊಂಡು ಆಗಾಗ ಉಸಿರು ಕಟ್ಟುತ್ತದೆ, ಆದರೆ ಸೌಮ್ಯ ಸ್ವರೂಪದ್ದು. ಇದೇ ಜೋರಾಗಿದ್ದರೆ ನಿಮ್ಮನ್ನು ಕೇಳುತ್ತಲೇ ಇರಲಿಲ್ಲ, ಮೂಗಿಗೆ ಮಾಸ್ಕ್ ಕಟ್ಟಿ ಗಾಳಿ ಊದುವ ಮಷಿನ್ನು ಹಚ್ಚಿಬಿಡುತ್ತಿದ್ದೆ ಎಂದರು. ಸೌಮ್ಯವಾಗಿದ್ದಾಗ, ಅದೂ ಬಸುರಿಯಲ್ಲಿ, ಹಚ್ಚಿದರೆ ತಾಯಿಗೆ ಮಗುವಿಗೆ ನಿಜಕ್ಕೂ ಲಾಭವೋ ಇಲ್ಲವೋ ಎಂಬುದು ದೊಡ್ಡ ದೊಡ್ಡವರಿಗೇ ಇನ್ನೂ ಇತ್ಯರ್ಥವಾಗಿಲ್ಲ. ಹಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ರಕ್ತದೊತ್ತಡ ಏರುತ್ತದೆ. ಹಚ್ಚುವುದರಿಂದ ಹಾನಿಯಂತೂ ಇಲ್ಲ.

"ಹಗಲೊತ್ತು ನಿದ್ದಿ ಬರ್ತದೇನು?" ಎಂದು ಸಾಯಲಿಯನ್ನು ಕೇಳಿದರು.

ಸಾಯಲಿ ಬಾಯಿ ತೆರೆಯುವ ಮೊದಲೇ ಮಂದಾಕಿನಿ, ಬಸುರಿಗೆ ನಿದ್ದೆ ಬರುವುದು ಇದ್ದದ್ದೇ ಎಂದಳು.

ಸಾಯಲಿಯ ಒಳಗೆ ಆಗ ಹಬ್ಬವಾಗುತ್ತಿತ್ತು. ಬುದ್ಧಿ ಬಂದಾಗಿನಿಂದ ಅವಳು ಮಲಗುವಾಗ ಇದ್ದದ್ದಕ್ಕಿಂತ ಹೆಚ್ಚು ದಣಿದು ಏಳುತ್ತಿದ್ದಳು. ಎಲ್ಲರೂ ಹೀಗೇ ಏಳುತ್ತಾರೆ, ತಾನೊಬ್ಬಳೇ ಸೋಮಾರಿ ಎಂದುಕೊಂಡಿದ್ದಳು. ಬಸುರಾದ ಮೇಲಂತೂ ನಿಂತಲ್ಲಿ ಕೂತಲ್ಲಿ ಕಣ್ಣು ಎಳೆಯುತ್ತಿತ್ತು. ಈಗ ಅದಕ್ಕೊಂದು ಹೆಸರಿದೆ, ಅದಕ್ಕೊಂದು ಮಷಿನ್ನೂ ಇದೆ ಎಂದು ತಿಳಿದಾಗ ಅವಳಿಗೆ ಬೇಕಾದದ್ದು ಒಂದೇ ಆಯಿತು. ಒಂದು ರಾತ್ರಿಯಾದರೂ ಪೂರ್ತಿ ನಿದ್ದೆ ಮಾಡಿ ಏಳಬೇಕು.

ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು. "ಮದುವಿಗಿಂತ ಮೊದಲು ಗೊರಕಿ ಇತ್ತೇನು? ಮೊದಲಿಂದ ಇದ್ರ ಹಡದ ಮ್ಯಾಲೂ ಉಳೀತದ, ಈಗ ಮಷಿನ್ ಹಚ್ಚೂದ ಚಲೋ. ಬಸುರಾದ ಮ್ಯಾಲ ಶುರು ಆಗಿದ್ರ ಸ್ವಲ್ಪ ಕಾದು ನೋಡಬಹುದು. ಮಲಗಿದಾಕಿಗೆ ತನ್ನ ಗೊರಕಿ ಕೇಳ್ಸೂದಿಲ್ಲ. ಮುಂದಿನ ಸಲ ಇಕಿ ತಾಯಿನ್ನ ಕರಕೊಂಡ ಬರ್ರಿ."

ತಾಯಿ ಇಂದುಮತಿ ಜಯಸಿಂಗಪುರದಿಂದ ಬಸ್ಸು ಹಿಡಿದು ಬಂದಳು, ಬರುವಾಗ ಬೀಗರಿಗೆಂದು ಬೇಸನ್ ಉಂಡಿ ಕಟ್ಟಿಕೊಂಡು ಬಂದಳು. ಆಸ್ಪತ್ರೆಯ ಬೆಂಚಿನ ಮೇಲೆ, ಅತ್ತೆ ಚೀಟಿ ಮಾಡಿಸಲು ಹೋದ ಸಂದಿಯಲ್ಲಿ, ಸಾಯಲಿ ಅವ್ವನ ಕಿವಿಯಲ್ಲಿ ಇದ್ದದ್ದು ಇದ್ದಹಾಗೆ ಹೇಳು ಎಂದಳು. ನನಗೆ ಆ ಮಷಿನ್ನು ಬೇಕು ಎಂದಳು. ಇಂದುಮತಿ ಮಗಳ ತಲೆ ನೇವರಿಸಿ ಹೂಂ ಎಂದಳು.

ಇದ್ದದ್ದು ಏನೆಂದರೆ, ತೌರಿನಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು, ತಮ್ಮ ವಿನಾಯಕ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದ. ಸಾಲೆಯ ಪ್ರವಾಸಕ್ಕೆ ಹೋದಾಗ ಗೆಳತಿಯರು ಅವಳ ಹಾಸಿಗೆ ಎಳೆದು ವರಾಂಡಕ್ಕೆ ಹಾಕಿದ್ದರು. ಕನ್ಯೆ ನೋಡಲು ಬಂದ ಮುರದಂಡೆಯವರು ಅವಳನ್ನು ನಡೆಸಿ ನೋಡಿದ್ದರು, ಓದಿಸಿ ನೋಡಿದ್ದರು, ಕೂದಲು ಬಿಚ್ಚಿಸಿ ನೋಡಿದ್ದರು, ಮಲಗಿಸಿ ನೋಡಿರಲಿಲ್ಲ. ಮದುವೆಯ ಹಿಂದಿನ ದಿನ ಎರಡೂ ಕಡೆಯ ಹೆಂಗಸರು ಒಂದೇ ಹಾಲಿನಲ್ಲಿ ಮಲಗಿದಾಗ ಇಂದುಮತಿ ಮಗಳನ್ನು ಬೆಳತನಕ ಮೆಹಂದಿಯ ನೆಪ ಹೇಳಿ ಕೂಡಿಸಿಟ್ಟಿದ್ದಳು. ಬೀಗರ ಪುಣ್ಯವೋ ಇವರ ಪುಣ್ಯವೋ, ಕೊಟ್ಟ ಮನೆ ಮಗ್ಗದ ಮನೆಯಾಯಿತು.

ಡಾಕ್ಟರ ಮುಂದೆ ಕೂತ ಇಂದುಮತಿ ಮೊದಲು ಡಾಕ್ಟರನ್ನು ನೋಡಿದಳು, ಆಮೇಲೆ ಬೀಗತಿಯನ್ನು ನೋಡಿದಳು.

"ಗೊರಕೀನಾ? ಇಲ್ರಿ ಬಾಯಿ. ನಮ್ಮನ್ಯಾಗ ಉಸಿರು ಆಡತೈತೋ ಇಲ್ಲೋ ಅಂತ ಬಗ್ಗಿ ನೋಡಬೇಕಿತ್ತು, ಅಷ್ಟ ಸಪ್ಪಳಿಲ್ದ ಮಲಗ್ತಿದ್ಲು."

ಸಾಯಲಿ ಅವ್ವನ ಮುಖ ನೋಡಿದಳು. ಅವ್ವ ನೋಡಲಿಲ್ಲ. ಅಲ್ಲ ಎನ್ನಬೇಕೆಂದು ಸಾಯಲಿಗೆ ನಾಲಿಗೆಯ ತುದಿಯವರೆಗೂ ಬಂದಿತ್ತು. ಅಂದುಬಿಟ್ಟರೆ, ಗೊರಕೆ ಮುಚ್ಚಿಟ್ಟು ಮದುವೆ ಮಾಡಿದರು ಎಂದು ಅತ್ತೆಯ ಎದುರಿಗೇ ತಾನು ಸಾಕ್ಷಿ ಹೇಳಿದಂತಾಗುತ್ತಿತ್ತು. ಹೇಳದಿದ್ದರೆ ಮಷಿನ್ನಿಲ್ಲ. ಅವಳು ಸೆರಗಿನ ಅಂಚು ತಿರುವುತ್ತ ಕೂತಳು. ಡಾಕ್ಟರು ಕಾಗದದ ಮೇಲೆ ಏನೋ ಬರೆದು, ಹಾಗಾದರೆ ಅವಸರವಿಲ್ಲ, ಮಗ್ಗುಲಾಗಿ ಮಲಗಲಿ, ಆದರೂ ಹಗಲು ತೀರ ಸುಸ್ತಾದರೆ ಕೆಲವು ವಾರದ ಮಟ್ಟಿಗೆ ಮಷಿನ್ನು ಬಾಡಿಗೆಗೆ ಸಿಗುತ್ತದೆ, ಮನೆಯಲ್ಲಿ ವಿಚಾರ ಮಾಡಿ ಹೇಳಿ ಎಂದರು.

ಮನೆಯಲ್ಲಿ ವಿಚಾರ ಊಟದ ಹೊತ್ತಿಗೆ ನಡೆಯಿತು. ಎಲ್ಲರೂ ವಿಚಾರ ಮಾಡಿದರು, ಸಾಯಲಿ ಬಡಿಸಿದಳು. ಬಾಳಾಸೋ ತನ್ನ ಮನೆಯಲ್ಲಿ ಓಡುವ ಯಾವ ಮಷಿನ್ನೂ ಅರಿವೆ ನೇಯದೆ ಸುಮ್ಮನೆ ಕರೆಂಟು ತಿಂದದ್ದಿಲ್ಲ ಎಂದ. ಸುಹಾಸ ಮೊಬೈಲಿನಲ್ಲಿ ಮಾಸ್ಕಿನ ಚಿತ್ರ ತೆಗೆದು ತೋರಿಸಿ, ಇದನ್ನು ಕಟ್ಟಿಕೊಂಡ ಹೆಂಡತಿಯ ಪಕ್ಕ ಮಲಗಿದರೆ ನನಗೆ ವಿಮಾನದಲ್ಲಿ ಮಲಗಿದಂತಾದೀತು ಎಂದ. ಮಂದಾಕಿನಿಯ ಚಿಂತೆ ಬೇರೆ. ಬೆಳಿಗ್ಗೆ ಕಸ ಗುಡಿಸಲು ಬರುವವಳು ನೋಡುತ್ತಾಳೆ, ಸಂಜೆಯೊಳಗೆ ಪೇಟೆಯೆಲ್ಲ ಮುರದಂಡೆಯವರ ಸೊಸೆಗೆ ಉಸಿರಾಡಲು ಬರುವುದಿಲ್ಲ ಎಂದು ಆಡಿಕೊಳ್ಳುತ್ತದೆ.

"ನನಗ ಬೇಕ್ರಿ ಅದು," ಎಂದಳು ಸಾಯಲಿ.

ಆ ಮನೆಗೆ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ಸುಹಾಸ ತಟ್ಟೆಯೊಳಗೆ ತಲೆ ಹಾಕಿದ. ಮಂದಾಕಿನಿ ನೀರು ಕುಡಿದು ಲೋಟ ಕೆಳಗಿಟ್ಟಳು.

"ಬಯಕಿ ಅಂದ್ರ ಹುಣಸಿಕಾಯಿ ಕೇಳ್ತಾರ, ಮಾವಿನಕಾಯಿ ಕೇಳ್ತಾರ. ಇಕಿ ಮಷಿನ್ ಕೇಳ್ತಾಳ. ನಾ ಮೂರ ಹಡದೀನಿ ಇದ ಮಗ್ಗದ ಮ್ಯಾಲ. ನನ್ನ ಉಸಿರು ಹೆಂಗೈತಿ ಅಂತ ನಿಮ್ಮ ಮಾವ ಇವತ್ತಿಗೂ ಕೇಳಿಲ್ಲ."

ಬಾಳಾಸೋ ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಮಜ್ಜಿಗೆ ಬಡಿಸು ಎಂದ. ಅಲ್ಲಿಗೆ ವಿಚಾರ ಮುಗಿಯಿತು.

ಡಾಕ್ಟರು ಮಗ್ಗುಲಾಗಿ ಮಲಗಲಿ ಎಂದಿದ್ದರಲ್ಲ, ಅದನ್ನು ಮಾತ್ರ ಮಂದಾಕಿನಿ ಮರೆಯಲಿಲ್ಲ. ಹಳೆಯ ಲಂಗದ ತುಂಡಿನಲ್ಲಿ, ಮಗ್ಗದ ನೂಲು ಸುತ್ತುವ ಗಟ್ಟಿ ಕಂಡಿಕೆಗಳನ್ನು, ನೂಲು ತೀರಿದವನ್ನು, ಸಾಲಾಗಿ ಇಟ್ಟು ಹೊಲಿದು, ಅದನ್ನು ಸೊಸೆಯ ಬೆನ್ನಿಗೆ ತಾನೇ ಕೈಯಾರೆ ಬಿಗಿದಳು. ಅಂಗಾತ ಹೊರಳಿದರೆ ಕಂಡಿಕೆಗಳು ಬೆನ್ನುಮೂಳೆಗೆ ಒತ್ತಿ ಎಚ್ಚರವಾಗಬೇಕು, ಇದು ಆಕೆಯ ಲೆಕ್ಕ. ಎಚ್ಚರವೇನೋ ಆಗುತ್ತಿತ್ತು. ಉಸಿರು ಕಟ್ಟಿ ಏಳುವುದು ಸಾಲದೆಂದು ಸಾಯಲಿ ಈಗ ಬೆನ್ನು ನೋವಿಗೂ ಏಳತೊಡಗಿದಳು. ಸ್ನಾನ ಮಾಡುವಾಗ ಬೆನ್ನಿನ ಮೇಲೆ ನೀಲಿ ಗುರುತುಗಳು ಕೈಗೆ ಹತ್ತುತ್ತಿದ್ದವು. ಸುಹಾಸನಿಗೆ ತೋರಿಸಿದಳು. ಅವ್ವ ನಿನ್ನ ಸಲುವಾಗಿಯೇ ಕೂತು ಹೊಲಿದಾಳ, ಸ್ವಲ್ಪ ತಡಕೋ ಎಂದ ಅವನು.

ಶ್ರಾವಣದಲ್ಲಿ ವ್ಯಾಪಾರಿಗಳ ಜಗಳ ತೀರಿ ಮಗ್ಗಗಳು ಚಾಲೂ ಆದವು. ಮನೆ ಮತ್ತೆ ನಡುಗತೊಡಗಿತು. ಸುಹಾಸ ಮಾಳಿಗೆಯಿಂದ ಇಳಿದು ಬಂದ, ಬಾಳಾಸೋಗೆ ನೆಮ್ಮದಿಯ ನಿದ್ದೆ ಹತ್ತಿತು, ಮಂದಾಕಿನಿ ಗೋಡೆಗೆ ಕಿವಿ ಕೊಟ್ಟರೂ ಏನೂ ಕೇಳಿಸಲಿಲ್ಲ. ಗೊರಕೆ ಹೋಯಿತು ಎಂದು ಮನೆಯಲ್ಲಿ ತೀರ್ಮಾನವಾಯಿತು. ಹೋಗಿದೆ ಎಂದು ಮಂದಾಕಿನಿ ನಂಬಿದ್ದಳೋ, ನಂಬಬೇಕೆಂದು ನಂಬಿದ್ದಳೋ, ಅದು ಆಕೆಗೇ ಗೊತ್ತು. ಮುಂದಿನ ತಪಾಸಣೆಯಲ್ಲಿ ಡಾಕ್ಟರಿಗೂ ಪೂರ್ತಿ ಹೋಗಿದೆ ಎಂದು ವರದಿ ಒಪ್ಪಿಸಿದಳು. ರಕ್ತದೊತ್ತಡ ಸ್ವಲ್ಪ ಏರಿದೆ, ಉಪ್ಪು ಕಮ್ಮಿ ಮಾಡಿ ಎಂದರು ಡಾಕ್ಟರು. ಸಾಯಲಿಯ ಊಟದಲ್ಲಿ ಉಪ್ಪು ಬಂದ್ ಆಯಿತು.

ಸಾಯಲಿ ಹಗಲೆಲ್ಲ ತೂಗಾಡುತ್ತಿದ್ದಳು. ಹಾಲಿನ ಮುಂದೆ ನಿಂತು ನಿದ್ದೆ ಹೋದಳು, ಹಾಲು ಉಕ್ಕಿತು. ಒಲೆಯ ಮುಂದೆ ಭಾಕ್ರಿ ಬಡಿಯುತ್ತ ನಿದ್ದೆ ಹೋದಳು, ಭಾಕ್ರಿ ಕರಿಕಾಯಿತು. ಮಂದಾಕಿನಿ ಬಯ್ಯಲಿಲ್ಲ. ಕರಿಕಾದ ಭಾಕ್ರಿಯನ್ನೆಲ್ಲ ಬಟ್ಟೆಯಲ್ಲಿ ಸುತ್ತಿಟ್ಟು, ಮಧ್ಯಾಹ್ನ ಸೊಸೆ ಉಣ್ಣಲು ಕೂತಾಗ ಅವನ್ನೇ ಅವಳ ತಟ್ಟೆಗೆ ಹಾಕಿದಳು.

"ಮಲಗಿ ಬೇಯಿಸಿದ್ದು. ಎದ್ದು ತಿನ್ನು."

ಸಾಯಲಿ ತಿಂದಳು. ಹೊಟ್ಟೆಯೊಳಗಿನ ಕೂಸಿಗೆ ಕರಿಕು ಒಳ್ಳೆಯದಲ್ಲವೇನೋ ಎಂಬ ವಿಚಾರ ಬಂತು, ಆದರೂ ತಿಂದಳು.

ಏಳನೆಯ ತಿಂಗಳಲ್ಲಿ ಬಯಕೆಯ ಊಟ ಇಟ್ಟುಕೊಂಡರು. ಮುರದಂಡೆಯವರು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಜೋಕಾಲಿ ಕಟ್ಟಿ, ಹಸಿರು ಸೀರೆ ಉಡಿಸಿ, ಸೊಸೆಗೆ ತಲೆಯಿಂದ ಸೊಂಟದವರೆಗೆ ಮಲ್ಲಿಗೆಯ ಒಡವೆ ತೊಡಿಸಿದರು. ಓಣಿಯ ಹೆಂಗಸರು, ತೌರಿನ ಹೆಂಗಸರು ಸುತ್ತ ಕೂತು ಬಯಕೆಯ ಹಾಡು ಹೇಳತೊಡಗಿದರು. ಹಾಡು ನಿಧಾನ, ಜೋಕಾಲಿಯೂ ನಿಧಾನ, ಊಟಕ್ಕೆ ಮೊದಲೇ ಕುಡಿಸಿದ ಕೇಸರಿ ಹಾಲು ಬೇರೆ. ಮುಚ್ಚಿದ ಎರಡು ಬಟ್ಟಲು ತಂದು ಸೊಸೆಯ ತೊಡೆಯ ಮೇಲಿಟ್ಟು, ಒಂದನ್ನು ತೆರೆ ಎಂದಳು ಮಂದಾಕಿನಿ. ಒಂದರಲ್ಲಿ ಪೇಡೆ, ಇನ್ನೊಂದರಲ್ಲಿ ಬರ್ಫಿ. ಪೇಡೆ ಬಂದರೆ ಗಂಡು, ಬರ್ಫಿ ಬಂದರೆ ಹೆಣ್ಣು. ಸಾಯಲಿ ಒಂದರ ಮುಚ್ಚಳದ ಮೇಲೆ ಕೈ ಇಟ್ಟಳು. ಹೆಂಗಸರೆಲ್ಲ ಕತ್ತು ಚಾಚಿದರು. ಮುಚ್ಚಳ ಏಳಲಿಲ್ಲ. ಇವಳು ಆಟ ಆಡಿಸುತ್ತಿದ್ದಾಳೆ ಎಂದು ಯಾರೋ ನಕ್ಕರು. ಅಷ್ಟರಲ್ಲಿ ಸಾಯಲಿಯ ತಲೆ ಜೋಕಾಲಿಯ ಸರಪಳಿಗೆ ಒರಗಿತು, ಬಾಯಿ ತೆರೆಯಿತು, ಮಲ್ಲಿಗೆಯ ರಾಶಿಯೊಳಗಿನಿಂದ ಗೊರಕೆ ಎದ್ದಿತು.

ಹಬ್ಬದ ದಿನವೆಂದು ಆ ಹೊತ್ತು ಮಗ್ಗ ನಿಲ್ಲಿಸಿದ್ದರು. ಹಾಡು ನಿಂತಿತು. ಗೊರಕೆ ನಡುವೆ ಕಟ್ಟಿ, ಮತ್ತೆ ಎಳೆದುಕೊಂಡಾಗ ಒಬ್ಬ ಮುದುಕಿ ಅಯ್ಯ ಎಂದು ಎದೆ ಮುಟ್ಟಿಕೊಂಡಳು. ಸೆರಗು ಬಾಯಿಗೆ ಒತ್ತಿಕೊಂಡು ನಗುವವರು ನಕ್ಕರು. ತೌರಿನ ಕಡೆಯಿಂದ ಬಂದಿದ್ದ, ಸಾಯಲಿಯ ಜತೆಗೇ ಸಾಲೆ ಕಲಿತ ದೊಡ್ಡಮ್ಮನ ಮಗಳು ಉಜ್ವಲಾ, ಬಿದ್ದ ಮಾನವನ್ನು ಎತ್ತಲೆಂದೇ ಪಾಪ, ದೊಡ್ಡ ದನಿಯಲ್ಲಿ ಹೇಳಿದಳು.

"ಬಿಡ್ರಿ ಅಕಿನ್ನ. ಸಾಲ್ಯಾಗಿಂದ ಹಿಂಗ ಅಕಿ. ಪ್ರವಾಸಕ್ಕ ಹೋದಾಗ ಹಾಸಿಗಿ ಎಳದು ಹೊರಗ ಹಾಕಿದ್ವಿ, ಆವಾಗೂ ಎದ್ದಿಲ್ಲ."

ಇಂದುಮತಿ ತಲೆ ಬಗ್ಗಿಸಿ ಉಡಿ ತುಂಬುವ ಅಕ್ಕಿಯನ್ನು ನೋಡುತ್ತ ಕೂತಳು. ಮಂದಾಕಿನಿ ಸೊಸೆಯ ಭುಜ ಅಲುಗಾಡಿಸಿ ಎಬ್ಬಿಸಿದಳು, ತಾನೇ ಬಟ್ಟಲು ತೆರೆದು ಬರ್ಫಿ ತೋರಿಸಿದಳು, ನಗುತ್ತ ಎಲ್ಲರಿಗೂ ಪೂರಣಪೋಳಿ ಬಡಿಸಿದಳು, ಬಂದವರಿಗೆಲ್ಲ ತುಪ್ಪ ಒತ್ತಾಯ ಮಾಡಿದಳು. ಕೊನೆಯವಳು ಕುಂಕುಮ ಹಚ್ಚಿಸಿಕೊಂಡು ಮೆಟ್ಟಿಲು ಇಳಿದ ಮೇಲೆ ಅಡುಗೆಮನೆಯ ಬಾಗಿಲು ಹಾಕಿದಳು.

"ವಿಹಿಣಬಾಯಿ, ಉಸಿರು ಬಗ್ಗಿ ನೋಡಬೇಕಿತ್ತು ಅಂದಿದ್ರಿ," ಎಂದು ಬೀಗತಿಯನ್ನು ಕೇಳಿದಳು.

"ಹುಡುಗೂರ ಮಾತು ಅದು. ಅದನ್ನ ಹಿಡಕೊಂಡ ಕುಂದರಬ್ಯಾಡ್ರಿ."

"ಡಾಕ್ಟರ್ ಮುಂದ ಸುಳ್ಳ ಹೇಳಿದ್ರಿ. ನಮ್ಮ ವಂಶದ ಕೂಸು ಹೊಟ್ಟ್ಯಾಗ ಇರೂಮುಂದ."

"ನಿಮ್ಮ ಮಗ ಇಷ್ಟ ದಿನ ಬಾಜೂಕ ಮಲಗಿದ್ದನಲ್ಲ? ಅವಗ ಕೇಳಿಸದಿದ್ದದ್ದು ನನಗ ಹೆಂಗ ಕೇಳಿಸ್ತದ?"

"ಆತಲ್ಲ. ಈಗ ಎಲ್ಲಾರಿಗೂ ಕೇಳಿಸ್ತು. ಮಷಿನ್ ಹಚ್ಚೂದಿದ್ರ ನೀವ ಹಚ್ಚಸ್ರಿ. ಬ್ಯಾನಿ ನಿಮ್ಮ ಮನೀದು."

"ಬಸುರಾದದ್ದು ನಿಮ್ಮ ಮನ್ಯಾಗ. ನಾ ಕೊಟ್ಟಾಗ ಚಲೋ ಇದ್ಲು. ನಾ ಮಷಿನ್ ತಂದ್ರ ಹೌದು ಅಂತ ಒಪ್ಪಿಕೊಂಡಂಗ."

ಬಾಗಿಲ ಹೊರಗೆ ನಿಂತಿದ್ದ ಸಾಯಲಿ ಒಳಗೆ ಬಂದಳು. ಒಂದು ಕಡೆಯ ಮಲ್ಲಿಗೆಯ ಒಡವೆ ಜಾರಿ ಜೋತುಬಿದ್ದಿತ್ತು.

"ಯಾರರ ಒಬ್ರು ಹಚ್ಚಸ್ರಿ," ಎಂದಳು. "ನನಗ ನಿದ್ದಿ ಬೇಕು. ಯಾರ ಮನೀದರ ಆಗವಲ್ಲದ್ಯಾಕ."

"ನೀ ಸುಮ್ಮನಿರು," ಎಂದರು ಇಬ್ಬರೂ. ಬೀಗತನ ಬೆಳೆದ ಮೇಲೆ ಆ ಇಬ್ಬರು ಹೆಂಗಸರು ಒಂದೇ ಬಾಯಲ್ಲಿ ಆಡಿದ ಮೊದಲ ಮಾತು ಅದೇ ಇರಬೇಕು.

ಅಂದು ಸಂಜೆಯೇ ಸಾಯಲಿಯನ್ನು ತೌರಿಗೆ ಕಳಿಸಿದರು. ಚೊಚ್ಚಲ ಹೆರಿಗೆ ತೌರಿನದೇ ಆದ್ದರಿಂದ ಓಣಿಯವರ ಕಣ್ಣಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಸುಹಾಸ ಬಸ್‌ಸ್ಟ್ಯಾಂಡಿನವರೆಗೆ ಬಂದು ಚೀಲ ಮೇಲೆ ಇಟ್ಟುಕೊಟ್ಟ.

ಜಯಸಿಂಗಪುರದ ಮನೆಯಲ್ಲಿ ಮಗ್ಗವಿಲ್ಲ, ಗೋಡೆಯೂ ತೆಳುವು. ವಿನಾಯಕನಿಗೆ ಹೆಣ್ಣು ಗೊತ್ತಾಗುವ ಹೊತ್ತು ಬೇರೆ. ಇಂದುಮತಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲ ಎನ್ನಲಾಗದು. ಬೆಳಿಗ್ಗೆ ಎದ್ದು ಅಂಟಿನ ಉಂಡಿ ಕೊಡುತ್ತಿದ್ದಳು, ಊದಿದ ಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ಮಷಿನ್ನಿನ ಹೆಸರೆತ್ತಿದರೆ ಮಾತ್ರ ಕಿವಿ ಕೇಳಿಸುತ್ತಿರಲಿಲ್ಲ. ಹುಡುಗಿಯ ಕಡೆಯವರು ಬಂದು ಒಂದು ಮಧ್ಯಾಹ್ನ ಇದ್ದು ಹೋಗುವವರಿದ್ದಾಗ, ಸಾಯಲಿ ಎಲ್ಲಿ ಕಣ್ಣು ಮುಚ್ಚಿಬಿಡುತ್ತಾಳೋ ಎಂದು ಅವಳನ್ನು ಪಕ್ಕದ ಮನೆಯ ಹಿತ್ತಲಿಗೆ ಶೇಂಗಾ ಸುಲಿಯಲು ಕಳಿಸಿದಳು.

ಸಾಯಲಿ ಗಂಡನಿಗೆ ಫೋನ್ ಮಾಡಿದಳು. ಅವನು ದನಿ ತಗ್ಗಿಸಿ ಹೇಳಿದ. "ನಾ ತಂದ್ರ ಅವ್ವ ಏನಂತಾಳ ಗೊತ್ತೈತಲ್ಲ. ಅವರು ತರಲಿ, ಬಾಡಿಗಿ ನಾ ಕೊಡ್ತೀನಿ. ಯಾರಿಗೂ ಗೊತ್ತಾಗದಂಗ."

ಅದನ್ನು ಅವ್ವನಿಗೆ ಹೇಳಿದಳು. ರೊಕ್ಕದ ಮಾತಲ್ಲ ಅದು ಎಂದಳು ಇಂದುಮತಿ. ನಿಜವಾಗಿಯೂ ಅದು ರೊಕ್ಕದ ಮಾತಾಗಿರಲಿಲ್ಲ, ಆಗಿದ್ದರೆ ಎಂದೋ ಬಗೆಹರಿಯುತ್ತಿತ್ತು. ಕಿವಿಯೋಲೆ ಮಾರಿ ತಾನೇ ತಂದುಬಿಡಲೇ ಎಂದು ಸಾಯಲಿ ವಿಚಾರ ಮಾಡಿದಳು. ತಂದು ಯಾರ ಮನೆಯ ಗೋಡೆಯ ಪ್ಲಗ್ಗಿಗೆ ಚುಚ್ಚುವುದು? ಅವಳದೆನ್ನುವ ಗೋಡೆ ಎರಡು ಊರಿನಲ್ಲೂ ಇರಲಿಲ್ಲ.

"ಅವ್ವ, ನನಗೇನರ ಆದ್ರ?" ಎಂದು ಒಂದು ದಿನ ಎಣ್ಣೆ ತಿಕ್ಕಿಸಿಕೊಳ್ಳುತ್ತ ಕೇಳಿದಳು.

"ಏನೂ ಆಗೂದಿಲ್ಲ. ಸೌಮ್ಯ ಅಂತ ಅಂದಾರಲ್ಲ," ಎಂದು ಇಂದುಮತಿ ಇನ್ನೊಂದು ಕಾಲು ಎಳೆದುಕೊಂಡಳು.

ಏನೋ ಆಯಿತು. ಒಂಬತ್ತಕ್ಕೆ ಬಿದ್ದ ಹೊಸದರಲ್ಲಿ ಸಾಯಲಿಗೆ ತಲೆ ಸಿಡಿಯತೊಡಗಿತು, ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಹಾರಾಡಿದವು. ಇಚಲಕರಂಜಿಗೆ ಕರೆತಂದಾಗ ಜೋಗಳೇಕರ್ ಬಾಯಿ ರಕ್ತದೊತ್ತಡ ನೋಡಿ ಮನೆಗೆ ಬಿಡಲಿಲ್ಲ, ಮರುದಿನವೇ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು ಕೂಸು, ಅಂಗೈ ಅಗಲದ್ದು. ಬದುಕಿತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟರು.

ಹೊರಗೆ ಬಾಗಿಲ ಎರಡು ಪಕ್ಕ ಎರಡು ಮನೆಯವರು ನಿಂತಿದ್ದರು. ಗೊರಕೆಯಿಂದಲೇ ಹೀಗಾಯಿತೇ ಎಂದು ಮಂದಾಕಿನಿ ಕೇಳಿದಳು. ಡಾಕ್ಟರು ಬಳಲಿದ್ದರು, ಸಿಟ್ಟೂ ಬಂದಿತ್ತು.

"ಅದರಿಂದನ ಆತು ಅಂತ ನಾ ಹೇಳಾಕಾಗೂದಿಲ್ಲ. ಅದರಿಂದ ಆಗಿಲ್ಲ ಅಂತನೂ ಹೇಳಾಕಾಗೂದಿಲ್ಲ. ಮೊದಲಿಂದ ಇತ್ತಂತ ನನಗ ಹೇಳಿದ್ರ ಮಷಿನ್ ಹಚ್ಚತಿದ್ದೆ. ಅಷ್ಟ."

ಎರಡೂ ಮನೆಯವರು ಆ ಮಾತನ್ನು ಹಂಚಿಕೊಂಡರು. ಅದರಿಂದ ಆತು ಅಂತ ಡಾಕ್ಟರು ಅಂದಿಲ್ಲ ಎಂದು ಇಂದುಮತಿ ಜಯಸಿಂಗಪುರದಲ್ಲಿ ಹೇಳಿಕೊಂಡು ತಿರುಗಿದಳು. ಅದರಿಂದ ಆಗಿಲ್ಲ ಅಂತ ಡಾಕ್ಟರು ಅಂದಿಲ್ಲ ಎಂದು ಮಂದಾಕಿನಿ ಇಚಲಕರಂಜಿಯಲ್ಲಿ ಹೇಳಿಕೊಂಡು ತಿರುಗಿದಳು. ಉಳಿದ ಮಾತು ಇಬ್ಬರಿಗೂ ಬೇಡವಾಗಿತ್ತು, ಅದು ಆಸ್ಪತ್ರೆಯ ವರಾಂಡದಲ್ಲೇ ಉಳಿಯಿತು.

ಕೂಸು ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂದು, ತೌರಿಗೆ ಹೋಗಿ, ಮೈ ಕೈ ತುಂಬಿಕೊಳ್ಳತೊಡಗಿದ ಮೇಲೆ ಮಂದಾಕಿನಿ ನೋಡಲು ಬಂದಳು. ಜತೆಗೆ ಸುಹಾಸ, ಓಣಿಯ ಇಬ್ಬರು ಹಿರಿಯ ಹೆಂಗಸರು. ಕುಂಚಿಗೆ, ಬೆಳ್ಳಿಯ ಕಡಗ ತಂದಿದ್ದರು. ಬಾಣಂತಿ ಕೂಸನ್ನು ಕರೆದುಕೊಂಡು ಹೋಗುವ ಮಾತು ಇನ್ನೂ ಯಾರೂ ಎತ್ತಿರಲಿಲ್ಲ. ಎತ್ತುತ್ತಾರೋ ಇಲ್ಲವೋ ಎಂದು ಇಂದುಮತಿ ಚಹಾ ಸೋಸುತ್ತ ಕಿವಿ ಹೊರಗೆ ಇಟ್ಟಿದ್ದಳು.

ಮಂದಾಕಿನಿ ಕೂಸನ್ನು ಎತ್ತಿಕೊಳ್ಳಲಿಲ್ಲ. ಚಾಪೆಯ ಮೇಲೆ ಕಾಲು ಮಡಚಿ ಕೂತು ಹೇಳಿದಳು. "ಹಾಲು ಕುಡಿಸು. ಮಲಗಲಿ. ನೋಡೂಣು."

ಸಾಯಲಿ ಕುಡಿಸಿದಳು. ಕೂಸಿನ ಕಣ್ಣು ಮುಚ್ಚುತ್ತ ಬಂತು. ಮಂದಾಕಿನಿ ಕೈ ಎತ್ತಿ ಫ್ಯಾನು ತೋರಿಸಿದಳು, ಸುಹಾಸ ಎದ್ದು ಹೋಗಿ ಅದನ್ನು ಆರಿಸಿದ. ಚಹಾದ ಬಸಿಗಳನ್ನು ಎಲ್ಲ ಕೆಳಗಿಟ್ಟರು. ಓಣಿಯ ಹೆಂಗಸರು ಮುಂದಕ್ಕೆ ಬಾಗಿದರು. ಯಾರೂ ಕೆಮ್ಮಲೂ ಇಲ್ಲ. ಆ ಕೋಣೆಯಲ್ಲಿ ದೊಡ್ಡವರೆಲ್ಲ ಉಸಿರು ಬಿಗಿಹಿಡಿದು ಒಂದು ಹಸುಗೂಸಿನ ಉಸಿರು ಕೇಳುತ್ತಿದ್ದರು.

ಕೂಸಿನ ಮೂಗಿನಲ್ಲಿ ಸಣ್ಣಗೆ ಗುರ್ ಎಂದಿತು. ಹಾಲು ಕುಡಿದು ಮಲಗಿದ ಯಾವ ಕೂಸಿನ ಮೂಗಿನಲ್ಲೂ ಬರುವ ಸದ್ದು ಅದು. ಸಣ್ಣ ಮೂಗು, ಚಿಂತಿ ಮಾಡಬ್ಯಾಡ್ರಿ ಎಂದು ಆಸ್ಪತ್ರೆಯ ನರ್ಸು ಹೇಳಿದ್ದಳು. ಸಾಯಲಿಗೆ ಅದು ಗೊತ್ತಿತ್ತು. ಎದುರು ಕೂತವರಿಗೆ ಗೊತ್ತಿಲ್ಲವೆಂಬುದೂ ಗೊತ್ತಿತ್ತು. ಮಂದಾಕಿನಿಯ ಹುಬ್ಬು ಏಳುವುದು ಕಂಡಿತು. ಇನ್ನೊಂದು ಗುರ್ ಬರುವುದರೊಳಗೆ ಸಾಯಲಿಯ ಕೈ ಹೊದಿಕೆಯ ಕೆಳಗೆ ಹೋಗಿ ಕೂಸಿನ ತೊಡೆಯನ್ನು ಹುಡುಕಿ, ಉಗುರು ಊರಿ ಚಿವುಟಿತು.

ಕೂಸು ಕಿಟಾರನೆ ಚೀರಿತು. ಮುಖ ಕೆಂಪಾಗಿ, ಇಡೀ ಮೈ ಸೆಟೆದುಕೊಂಡು ಅತ್ತಿತು. ಓಣಿಯ ಹೆಂಗಸರು ಹಿಂದಕ್ಕೆ ಸರಿದು ನಕ್ಕರು. ಮಂದಾಕಿನಿಯ ಮುಖ ಸಡಿಲವಾಯಿತು.

"ಎಷ್ಟ ಛಂದ ಅಳತೈತಿ ನೋಡ್ರಿ. ದನಿ ಸ್ವಚ್ಛ ಐತಿ. ನಮ್ಮ ಮನೀ ಉಸಿರು ಇದು."

ಸುಹಾಸ ಫ್ಯಾನು ಹಾಕಿದ. ಮುಂದಿನ ವಾರ ಚಲೋ ದಿನ ನೋಡಿ ಕರೆದುಕೊಂಡು ಹೋಗುವುದೆಂದು ಮಾತಾಯಿತು. ಚಿವುಟಿದ ಕೈಯನ್ನು ಆ ಕೋಣೆಯಲ್ಲಿ ಇಂದುಮತಿ ಒಬ್ಬಳೇ ಕಂಡಿದ್ದಳು. ಅವಳು ಮಗಳ ಪಕ್ಕ ಬಂದು ಕೂತು, ಜಾರಿದ್ದ ಸೆರಗನ್ನು ಎಳೆದು ಆ ಕೈಯ ಮೇಲೆ ಸರಿಯಾಗಿ ಹೊದಿಸಿದಳು. ಕೂಸು ಅತ್ತು ದಣಿದು ಮತ್ತೆ ಕಣ್ಣು ಮುಚ್ಚತೊಡಗಿತು. ಬೀಗರು ಇನ್ನೂ ಚಹಾ ಕುಡಿಯುತ್ತಿದ್ದರು, ಸಾಯಲಿ ಕೂಸಿನ ತೊಡೆಯ ಮೇಲಿನ ಕೈ ತೆಗೆಯಲಿಲ್ಲ.